ಅಭ್ಯರ್ಥಿಗೆ ಬೇಲಿ, ಪಕ್ಷಕ್ಕೆ ಬಯಲು

ದೊಡ್ಡ ರಾಜ್ಯಗಳಲ್ಲಿ ಲೋಕಸಭೆಗೆ ಸ್ಪರ್ಧಿಸುವ ಅಭ್ಯರ್ಥಿ ಕಾನೂನಿನ ಪ್ರಕಾರ ಖರ್ಚು ಮಾಡಬಹುದಾದ ಗರಿಷ್ಠ ಮೊತ್ತ 95 ಲಕ್ಷ ರೂಪಾಯಿ. ವಿಧಾನಸಭೆಗಾದರೆ 40 ಲಕ್ಷ. 2022ರ ಜನವರಿಯಲ್ಲಿ ಈ ಮಿತಿಗಳು ನಿಗದಿಯಾದವು. 2024ರ ಚುನಾವಣೆಯ ಹೊತ್ತಿಗೆ ದೇಶದ ಮತದಾರರ ಸಂಖ್ಯೆ ಸುಮಾರು 97 ಕೋಟಿ ಇತ್ತು. ಅದನ್ನು 543 ಕ್ಷೇತ್ರಗಳಿಗೆ ಹಂಚಿದರೆ ಒಂದೊಂದು ಕ್ಷೇತ್ರಕ್ಕೆ ಸರಾಸರಿ ಹದಿನೇಳು ಲಕ್ಷಕ್ಕೂ ಹೆಚ್ಚು ಮತದಾರರಾಗುತ್ತಾರೆ. ಹಾಗಾಗಿ ಒಬ್ಬ ಮತದಾರನ ಪಾಲಿಗೆ ಬರುವುದು ಐದೂವರೆ ರೂಪಾಯಿಗಿಂತಲೂ ಕಡಿಮೆ. ಅಂಚೆ ಕಚೇರಿಯಲ್ಲಿ ಒಂದು ಲಕೋಟೆಯ ಬೆಲೆಯೇ ಐದು ರೂಪಾಯಿ. ಕಾನೂನನ್ನು ಅಕ್ಷರಶಃ ಪಾಲಿಸುವ ಅಭ್ಯರ್ಥಿಯೊಬ್ಬರು ಪ್ರತಿ ಮತದಾರನಿಗೂ ಒಂದು ಪತ್ರ ಬರೆಯಲು ಹೊರಟರೆ ಲಕೋಟೆ ಕೊಳ್ಳುವಷ್ಟರಲ್ಲಿ ಹಣ ಬಹುತೇಕ ಮುಗಿದಿರುತ್ತದೆ. ಸಭೆ, ವಾಹನ, ಬ್ಯಾನರ್, ಮತಗಟ್ಟೆ ಏಜೆಂಟರ ಊಟ ಇವಕ್ಕೆಲ್ಲ ಸಾಲುವಷ್ಟು ಉಳಿಯುವುದಿಲ್ಲ.

ಹೀಗಿದ್ದರೂ ಫಲಿತಾಂಶ ಬಂದ ಮೂವತ್ತು ದಿನಗಳೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಸಲ್ಲಿಕೆಯಾಗುವ ಲೆಕ್ಕಪತ್ರಗಳಲ್ಲಿ ಗೆದ್ದವರ ಖರ್ಚು ಸಾಮಾನ್ಯವಾಗಿ ಈ ಮಿತಿಗಿಂತಲೂ ಸಾಕಷ್ಟು ಕೆಳಗಿರುತ್ತದೆ. ಊರಿನ ಬೀದಿಯಲ್ಲಿ ಚುನಾವಣೆಯನ್ನು ಕಂಡ ಯಾರೂ ಆ ಲೆಕ್ಕವನ್ನು ನಂಬುವುದಿಲ್ಲ, ಸಲ್ಲಿಸುವವರೂ ನಂಬುವುದಿಲ್ಲ. 2013ರಲ್ಲಿ ಬಿಜೆಪಿಯ ಹಿರಿಯ ನಾಯಕ ಗೋಪಿನಾಥ ಮುಂಡೆ ಅವರು ತಮ್ಮ 2009ರ ಲೋಕಸಭಾ ಚುನಾವಣೆಗೆ ಎಂಟು ಕೋಟಿ ರೂಪಾಯಿ ಖರ್ಚಾಯಿತೆಂದು ಸಾರ್ವಜನಿಕ ಸಭೆಯಲ್ಲೇ ಹೇಳಿದ್ದರು. ಆಗಿನ ಮಿತಿ 25 ಲಕ್ಷ. ಚುನಾವಣಾ ಆಯೋಗ ನೋಟಿಸ್ ಕೊಟ್ಟಿತು, ಆದರೆ ವಿಷಯ ಅನರ್ಹತೆಯವರೆಗೆ ಹೋಗಲಿಲ್ಲ. ಮರುವರ್ಷ ಅವರು ಮತ್ತೆ ಗೆದ್ದು ಕೇಂದ್ರ ಸಚಿವರೂ ಆದರು. ಆ ಪ್ರಕರಣದಲ್ಲಿ ಅಪರೂಪವಾಗಿದ್ದದ್ದು ಖರ್ಚಲ್ಲ, ಅದನ್ನು ಬಾಯಿಬಿಟ್ಟು ಹೇಳಿದ್ದು.

ಇದನ್ನು ವ್ಯಕ್ತಿಗಳ ಪ್ರಾಮಾಣಿಕತೆಯ ಪ್ರಶ್ನೆಯಾಗಿ ನೋಡುವುದು ಸುಲಭ. ಆದರೆ ನಮ್ಮ ವೆಚ್ಚ ನಿಯಂತ್ರಣದ ಕಾನೂನು ಇಷ್ಟು ಸೋರುವಂತಾದದ್ದು ಆಕಸ್ಮಿಕವಾಗಿ ಅಲ್ಲ. ಅದನ್ನು ಹಾಗೆ ಬರೆಯಲಾಯಿತು, ಮತ್ತು ಬರೆದ ವರ್ಷವೂ ನಮಗೆ ಗೊತ್ತಿದೆ.

1974ರ ಅಕ್ಟೋಬರ್‌ನಲ್ಲಿ ಕನ್ವರ್ ಲಾಲ್ ಗುಪ್ತಾ ವಿರುದ್ಧ ಅಮರನಾಥ ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ದೆಹಲಿಯ ಸದರ್ ಕ್ಷೇತ್ರದಲ್ಲಿ 1971ರಲ್ಲಿ ನಡೆದ ಲೋಕಸಭಾ ಚುನಾವಣೆ ಅದರ ವಸ್ತು. ಅಭ್ಯರ್ಥಿಯ ಗೆಲುವಿಗಾಗಿ ಅವರ ಪಕ್ಷ ಮಾಡಿದ ವೆಚ್ಚವನ್ನು, ಅಭ್ಯರ್ಥಿ ತಿಳಿದೂ ಒಪ್ಪಿಕೊಂಡಿದ್ದರೆ, ಅವರ ಲೆಕ್ಕಕ್ಕೇ ಸೇರಿಸಬೇಕೆಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ಬರೆದರು. ಅವರ ವಾದದ ತಿರುಳು ಸರಳವಾಗಿತ್ತು: ಅಭ್ಯರ್ಥಿಯ ಕೈಯನ್ನು ಕಟ್ಟಿ ಪಕ್ಷದ ಕೈಯನ್ನು ಬಿಟ್ಟರೆ ಮಿತಿಯೆಂಬುದಕ್ಕೆ ಅರ್ಥವೇ ಇರುವುದಿಲ್ಲ, ಹಣವುಳ್ಳ ಪಕ್ಷದ ಅಭ್ಯರ್ಥಿಗೂ ಹಣವಿಲ್ಲದ ಪಕ್ಷೇತರನಿಗೂ ನಡುವೆ ಸಮಾನ ಸ್ಪರ್ಧೆ ಉಳಿಯುವುದಿಲ್ಲ.

ತೀರ್ಪು ಬಂದು ತಿಂಗಳು ತುಂಬುವ ಮೊದಲೇ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಬಳಿಕ ಸಂಸತ್ತು ಅದನ್ನು ಕಾಯ್ದೆಯಾಗಿಸಿತು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 77ನೇ ಸೆಕ್ಷನ್‌ಗೆ ಒಂದು 'ವಿವರಣೆ' ಸೇರಿತು. ಪಕ್ಷವೋ, ಅಭ್ಯರ್ಥಿಯ ಹಿತೈಷಿಗಳೋ ಮಾಡಿದ ಖರ್ಚನ್ನು ಅಭ್ಯರ್ಥಿಯ ಖರ್ಚೆಂದು ಪರಿಗಣಿಸತಕ್ಕದ್ದಲ್ಲ ಎಂಬುದೇ ಆ ವಿವರಣೆ. ಅಲ್ಲಿಗೆ ತೀರ್ಪು ಕಾಗದದ ಮೇಲಷ್ಟೇ ಉಳಿಯಿತು. ಮರುವರ್ಷ ಇನ್ನೊಂದು ತಿದ್ದುಪಡಿ ಬಂತು. ಅದುವರೆಗೆ ಚುನಾವಣೆಯ ಅಧಿಸೂಚನೆ ಹೊರಟ ದಿನದಿಂದ ಖರ್ಚಿನ ಲೆಕ್ಕ ಆರಂಭವಾಗುತ್ತಿತ್ತು. 1975ರ ತಿದ್ದುಪಡಿ ಅದನ್ನು ಅಭ್ಯರ್ಥಿ ನಾಮನಿರ್ದೇಶನಗೊಂಡ ದಿನಕ್ಕೆ ಮುಂದೂಡಿತು. ಅಂದರೆ ನಾಮಪತ್ರಕ್ಕೆ ಮೊದಲು ಎಷ್ಟು ತಿಂಗಳ ಕಾಲ ಏನೇನು ಹಂಚಿದರೂ ಅಭ್ಯರ್ಥಿಯ ಲೆಕ್ಕದ ದೃಷ್ಟಿಯಲ್ಲಿ ಅದು ಚುನಾವಣೆಯ ಖರ್ಚೇ ಅಲ್ಲ. ಹುಟ್ಟುಹಬ್ಬದ ಹೆಸರಿನಲ್ಲಿ ಕುಕ್ಕರ್, ಹಬ್ಬದ ಹೆಸರಿನಲ್ಲಿ ಸೀರೆ, ತೀರ್ಥಯಾತ್ರೆಗೆ ಬಸ್ಸು ಇವೆಲ್ಲ ಚುನಾವಣಾ ವರ್ಷದ ಆರಂಭದಲ್ಲೇ ಮುಗಿದುಹೋಗುವುದು ಏಕೆಂದು ಆಶ್ಚರ್ಯಪಡಬೇಕಾಗಿಲ್ಲ.

2003ರಲ್ಲಿ ಈ ವಿವರಣೆಯನ್ನು ಸ್ವಲ್ಪ ಬಿಗಿಗೊಳಿಸಲಾಯಿತು. ಈಗ ಪಕ್ಷದ ಪಟ್ಟಿಯಲ್ಲಿರುವ ತಾರಾ ಪ್ರಚಾರಕರ ಪ್ರಯಾಣ ವೆಚ್ಚಕ್ಕೆ ಮಾತ್ರ ವಿನಾಯಿತಿ; ಅಭ್ಯರ್ಥಿಯ ಹೆಸರು, ಭಾವಚಿತ್ರ ಇದ್ದ ಪ್ರಚಾರವಾದರೆ, ಅಥವಾ ತಾರಾ ಪ್ರಚಾರಕರೊಂದಿಗೆ ಅಭ್ಯರ್ಥಿ ವೇದಿಕೆ ಹಂಚಿಕೊಂಡರೆ, ಅದರ ಪಾಲು ಅಭ್ಯರ್ಥಿಯ ಲೆಕ್ಕಕ್ಕೆ ಬರುತ್ತದೆ. ಕಾಗದದ ಮೇಲೆ ಇದು ಒಳ್ಳೆಯ ಬದಲಾವಣೆಯೇ. ಆದರೆ ಅಭ್ಯರ್ಥಿಯ ಹೆಸರೆತ್ತದೆ ಪಕ್ಷದ ಚಿಹ್ನೆಯನ್ನೂ ನಾಯಕನ ಮುಖವನ್ನೂ ಇಟ್ಟು ಮಾಡುವ ಪ್ರಚಾರಕ್ಕೆ ಇಂದಿಗೂ ಯಾವ ಮಿತಿಯೂ ಇಲ್ಲ. ಪಕ್ಷ ತನ್ನ ಚುನಾವಣಾ ವೆಚ್ಚದ ಪಟ್ಟಿಯನ್ನು ಆಯೋಗಕ್ಕೆ ಕೊಡಬೇಕು, ಅಷ್ಟೆ: ವಿಧಾನಸಭೆಯಾದರೆ 75 ದಿನಗಳಲ್ಲಿ, ಲೋಕಸಭೆಯಾದರೆ 90 ದಿನಗಳಲ್ಲಿ. ಎಷ್ಟು ಖರ್ಚು ಮಾಡಿದರೂ ಅದು ತಪ್ಪಲ್ಲ. 2019ರ ಲೋಕಸಭೆ ಮತ್ತು ಅದರೊಂದಿಗೇ ನಡೆದ ನಾಲ್ಕು ವಿಧಾನಸಭಾ ಚುನಾವಣೆಗಳಿಗೆ ಬಿಜೆಪಿ ಸುಮಾರು 1,264 ಕೋಟಿ ರೂಪಾಯಿ, ಕಾಂಗ್ರೆಸ್ ಸುಮಾರು 820 ಕೋಟಿ ರೂಪಾಯಿ ಖರ್ಚು ತೋರಿಸಿದ್ದವು. ಇದು ಅವರೇ ಘೋಷಿಸಿದ ಮೊತ್ತ. ಇಂದು ಪ್ರಚಾರ ಹೆಚ್ಚುಹೆಚ್ಚಾಗಿ ಮೊಬೈಲ್ ಪರದೆಗೆ ಸರಿದಿರುವುದರಿಂದ ಈ ಬಯಲು ಇನ್ನಷ್ಟು ವಿಶಾಲವಾಗಿದೆ. ಕ್ಷೇತ್ರದ ಗಡಿಯೇ ಇಲ್ಲದ ಜಾಹೀರಾತು, ಅಭಿಮಾನಿಗಳ ಹೆಸರಿನ ಪುಟಗಳು, ಯಾರು ಹಣ ಕೊಟ್ಟರೆಂದು ಹೇಳಲಾಗದ ವಿಡಿಯೊಗಳು ಯಾವ ಅಭ್ಯರ್ಥಿಯ ಲೆಕ್ಕಕ್ಕೆ ಸೇರಬೇಕು?

ಈ ಬಯಲಿನ ಪಕ್ಕದಲ್ಲೇ ಅಭ್ಯರ್ಥಿಯ ಸುತ್ತ ಕಟ್ಟಿರುವ ಬೇಲಿಯ ಸೂಕ್ಷ್ಮತೆ ನೋಡಿದರೆ ನಗು ಬರುತ್ತದೆ. ಪ್ರತಿ ಜಿಲ್ಲೆಯಲ್ಲೂ ಚುನಾವಣಾಧಿಕಾರಿ ಒಂದು ದರಪಟ್ಟಿ ಸಿದ್ಧಪಡಿಸುತ್ತಾರೆ. ಕುರ್ಚಿ, ಶಾಮಿಯಾನ, ಮೈಕ್ ಸೆಟ್, ಹೂವಿನ ಹಾರ, ಕಾಫಿ, ತಿಂಡಿ ಎಲ್ಲಕ್ಕೂ ಅದರಲ್ಲಿ ಬೆಲೆ ಇರುತ್ತದೆ. ವೀಡಿಯೊ ತಂಡ ಸಭೆಗೆ ಹೋಗಿ ಚಿತ್ರೀಕರಿಸುತ್ತದೆ, ಲೆಕ್ಕ ತಂಡ ಆ ಚಿತ್ರದಲ್ಲಿನ ಕುರ್ಚಿಗಳನ್ನು ಎಣಿಸಿ, ದರಪಟ್ಟಿಯ ಪ್ರಕಾರ ಗುಣಿಸಿ, ಸಮಾನಾಂತರವಾದ ವೆಚ್ಚದ ವಹಿಯಲ್ಲಿ ಬರೆದಿಡುತ್ತದೆ. ಅಭ್ಯರ್ಥಿಯ ಲೆಕ್ಕವನ್ನು ಆಮೇಲೆ ಅದರೊಂದಿಗೆ ತಾಳೆ ನೋಡಲಾಗುತ್ತದೆ. ಚುನಾವಣೆಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ಕಡ್ಡಾಯ. ಈ ಕೆಲಸ ಮಾಡುವ ಗುಮಾಸ್ತರ, ಶಿಕ್ಷಕರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಚುನಾವಣೆಯ ಫಲಿತಾಂಶವನ್ನು ತಿರುಗಿಸಬಲ್ಲ ಹಣ ಕುರ್ಚಿಯ ಬಾಡಿಗೆಯಲ್ಲಿಲ್ಲ.

ಅದು ಎಲ್ಲಿದೆ ಎಂಬುದರ ಸುಳಿವು ಜಪ್ತಿಯ ಅಂಕಿಅಂಶಗಳಲ್ಲಿ ಸಿಗುತ್ತದೆ, ಅದೂ ಎಚ್ಚರದಿಂದ ಓದಿದರೆ. 2024ರ ಚುನಾವಣೆಯಲ್ಲಿ ಮೇ ಮಧ್ಯಭಾಗದವರೆಗೆ ಒಟ್ಟು 8,889 ಕೋಟಿ ರೂಪಾಯಿ ಮೌಲ್ಯದ ವಸ್ತುಗಳನ್ನು ವಶಪಡಿಸಿಕೊಂಡಿರುವುದಾಗಿ ಆಯೋಗ ಪ್ರಕಟಿಸಿತು. ಪತ್ರಿಕೆಗಳ ತಲೆಬರಹಕ್ಕೆ ಅದು ದೊಡ್ಡ ಸಂಖ್ಯೆ. ಬಿಡಿಸಿ ನೋಡಿದರೆ ಅದರಲ್ಲಿ ಶೇ 45ರಷ್ಟು ಮಾದಕ ವಸ್ತು. ನಗದು ಸುಮಾರು 849 ಕೋಟಿ ಮಾತ್ರ, ಉಚಿತ ಕೊಡುಗೆಗಳು ಸುಮಾರು 2,006 ಕೋಟಿ. ಮಾದಕ ವಸ್ತುವಿನ ದೊಡ್ಡ ಸಾಗಣೆಗಳಿಗೂ ಮತದಾರರ ಖರೀದಿಗೂ ನೇರ ಸಂಬಂಧವಿದೆಯೆಂದು ಊಹಿಸಲು ಆಧಾರ ಬೇಕು. ಜಪ್ತಿ ಹೆಚ್ಚಿದ ಮಾತ್ರಕ್ಕೆ ಚುನಾವಣೆ ಶುದ್ಧವಾಯಿತೆಂದೂ ಹೇಳಲಾಗದು, ಹಣ ಹೆಚ್ಚಾಯಿತೆಂದೂ ಹೇಳಲಾಗದು. ತಪಾಸಣೆ ಹೆಚ್ಚಾಯಿತೆಂದಷ್ಟೇ ಹೇಳಬಹುದು. ಹಣ ಹಂಚಿಕೆ ಮಿತಿಮೀರಿದಾಗ ಆಯೋಗ ಮತದಾನವನ್ನೇ ರದ್ದುಮಾಡಿದ ನಿದರ್ಶನಗಳು ತಮಿಳುನಾಡಿನಲ್ಲಿವೆ: 2016ರಲ್ಲಿ ಅರವಕುರಿಚಿ ಮತ್ತು ತಂಜಾವೂರು, 2017ರಲ್ಲಿ ಚೆನ್ನೈನ ಆರ್.ಕೆ. ನಗರ, 2019ರಲ್ಲಿ ವೆಲ್ಲೂರು. ಅಲ್ಲೆಲ್ಲ ಮುಂದೆ ಮತ್ತೆ ಚುನಾವಣೆ ನಡೆಯಿತು. ರದ್ದತಿಯಿಂದ ಒಂದು ದಿನದ ಮತದಾನ ನಿಲ್ಲುತ್ತದೆ, ಹಣದ ಮೂಲ ಬತ್ತುವುದಿಲ್ಲ.

ಮಿತಿ ಮೀರಿದವರನ್ನು ಪ್ರಶ್ನಿಸುವ ದಾರಿಯೂ ಇದೆ. ಮಿತಿಮೀರಿದ ವೆಚ್ಚ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಭ್ರಷ್ಟ ಆಚರಣೆ. ಫಲಿತಾಂಶದ 45 ದಿನಗಳೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಸಲ್ಲಿಸಬಹುದು. ಆದರೆ ಅರ್ಜಿ ಸಲ್ಲಿಸುವಷ್ಟು ಹಣವೂ ಆಸಕ್ತಿಯೂ ಇರುವವರು ಸಾಮಾನ್ಯವಾಗಿ ಎರಡನೇ ಸ್ಥಾನ ಪಡೆದವರು, ಮತ್ತು ಅವರ ಖರ್ಚೂ ಗೆದ್ದವರ ಖರ್ಚಿಗೆ ಹತ್ತಿರವೇ ಇರುತ್ತದೆ. ಗಾಜಿನ ಮನೆಯವರು ಎದುರು ಮನೆಗೆ ಕಲ್ಲೆಸೆಯುವುದಿಲ್ಲ. ಸಾಮಾನ್ಯ ಮತದಾರನೂ ಅರ್ಜಿ ಹಾಕಬಹುದಾದರೂ ಸಾಕ್ಷ್ಯ ಒದಗಿಸುವ ಹೊಣೆ ಅವನ ಮೇಲೇ ಬೀಳುತ್ತದೆ. ಲೆಕ್ಕ ಸರಿಯಿಲ್ಲದಿದ್ದರೆ 10ಎ ಸೆಕ್ಷನ್ ಅಡಿ ಮೂರು ವರ್ಷ ಅನರ್ಹಗೊಳಿಸುವ ಅಧಿಕಾರ ಆಯೋಗಕ್ಕಿದೆ. ಉತ್ತರ ಪ್ರದೇಶದ ಶಾಸಕಿ ಉಮ್ಲೇಶ್ ಯಾದವ್ ಅವರನ್ನು ಕಾಸಿಗಾಗಿ ಸುದ್ದಿಯ (ಹಣ ಕೊಟ್ಟು ಪತ್ರಿಕೆಯಲ್ಲಿ ಹಾಕಿಸಿದ ಸುದ್ದಿಯ) ವೆಚ್ಚ ತೋರಿಸದ ಕಾರಣಕ್ಕೆ 2011ರಲ್ಲಿ, ಜಾರ್ಖಂಡ್‌ನ ಮಾಜಿ ಮುಖ್ಯಮಂತ್ರಿ ಮಧು ಕೋಡಾ ಅವರನ್ನು 2009ರ ಚುನಾವಣೆಯ ತಪ್ಪು ಲೆಕ್ಕಕ್ಕಾಗಿ 2017ರಲ್ಲಿ ಹೀಗೆ ಅನರ್ಹಗೊಳಿಸಲಾಯಿತು. ಎರಡನೆಯ ಪ್ರಕರಣ ಇತ್ಯರ್ಥವಾಗಲು ಎಂಟು ವರ್ಷ ಹಿಡಿಯಿತೆಂಬುದನ್ನು ಗಮನಿಸಬೇಕು.

ಖರ್ಚಿನ ಬಗ್ಗೆ ಇಷ್ಟು ಮೌನವಾಗಿರುವ ನಾವು ಆದಾಯದ ಬಗ್ಗೆ ಮಾತ್ರ ಬಹಳ ಮಾತನಾಡಿದ್ದೇವೆ. ಅಲ್ಲಿಯೂ ಇತಿಹಾಸ ಸುತ್ತು ಹಾದಿಯದೇ. 1969ರಲ್ಲಿ ಕಂಪನಿಗಳು ಪಕ್ಷಗಳಿಗೆ ದೇಣಿಗೆ ಕೊಡುವುದನ್ನು ನಿಷೇಧಿಸಲಾಯಿತು. ಅದಕ್ಕೆ ಬದಲಾಗಿ ಸರ್ಕಾರಿ ನೆರವನ್ನೇನೂ ಏರ್ಪಡಿಸಲಿಲ್ಲ. ಪಕ್ಷಗಳಿಗೆ ಹಣದ ಅಗತ್ಯ ನಿಲ್ಲಲಿಲ್ಲ, ಹಣ ಬರುವುದೂ ನಿಲ್ಲಲಿಲ್ಲ. ಚೆಕ್ಕಿನಲ್ಲಿ ಬರುತ್ತಿದ್ದದ್ದು ಸೂಟ್‌ಕೇಸಿನಲ್ಲಿ ಬರತೊಡಗಿತು. 1985ರಲ್ಲಿ ನಿಷೇಧ ತೆರವಾಯಿತು. 2013ರ ಕಂಪನಿ ಕಾಯ್ದೆ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 7.5ರಷ್ಟನ್ನು ದೇಣಿಗೆಯ ಗರಿಷ್ಠ ಮಿತಿಯಾಗಿ ನಿಗದಿಮಾಡಿತು. 2017ರ ಹಣಕಾಸು ಕಾಯ್ದೆ ಆ ಮಿತಿಯನ್ನು ಕಿತ್ತುಹಾಕಿತು, ಯಾವ ಪಕ್ಷಕ್ಕೆ ಕೊಟ್ಟೆವೆಂದು ಕಂಪನಿ ತನ್ನ ಲೆಕ್ಕದಲ್ಲಿ ಹೇಳಬೇಕೆಂಬ ನಿಯಮವನ್ನೂ ತೆಗೆಯಿತು, ಮತ್ತು ಕೊಟ್ಟವರ ಹೆಸರು ಹೊರಬೀಳದಂತೆ ಬ್ಯಾಂಕಿನಿಂದ ಕೊಂಡು ಪಕ್ಷಕ್ಕೆ ಕೊಡಬಹುದಾದ ಚುನಾವಣಾ ಬಾಂಡ್‌ಗೆ ದಾರಿ ಮಾಡಿತು. ಲಾಭವೇ ಇಲ್ಲದ ಕಂಪನಿಯೂ ಎಷ್ಟಾದರೂ ಕೊಡಬಹುದಾಯಿತು.

2018ರ ಜನವರಿಯಲ್ಲಿ ಜಾರಿಗೆ ಬಂದ ಬಾಂಡ್ ಯೋಜನೆಯನ್ನು 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ರದ್ದುಪಡಿಸಿತು. ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ತೀರ್ಪು, ಮತದಾರನಿಗೆ ಪಕ್ಷದ ಹಣದ ಮೂಲ ತಿಳಿಯುವ ಹಕ್ಕು ವಾಕ್ ಸ್ವಾತಂತ್ರ್ಯದ ಭಾಗವೆಂದು ಹೇಳಿತು. ಕಂಪನಿ ದೇಣಿಗೆಯ ಮಿತಿಯನ್ನು ತೆಗೆದುಹಾಕಿದ ತಿದ್ದುಪಡಿಯನ್ನೂ ಅಸಾಂವಿಧಾನಿಕವೆಂದಿತು. ವಿವರ ನೀಡಲು ಭಾರತೀಯ ಸ್ಟೇಟ್ ಬ್ಯಾಂಕ್ ಜೂನ್ 30ರವರೆಗೆ ಸಮಯ ಕೇಳಿದಾಗ, ಅಂದರೆ ಚುನಾವಣೆ ಮುಗಿದ ಮೇಲೆ ಕೊಡುತ್ತೇವೆಂದಾಗ, ನ್ಯಾಯಾಲಯ ಒಪ್ಪಲಿಲ್ಲ. ಮಾರ್ಚ್‌ನಲ್ಲಿ ಹೊರಬಂದ ಪಟ್ಟಿಯಲ್ಲಿ 2019ರ ಏಪ್ರಿಲ್‌ನಿಂದೀಚೆಗೆ ಬಿಜೆಪಿ 6,060 ಕೋಟಿ, ತೃಣಮೂಲ ಕಾಂಗ್ರೆಸ್ 1,609 ಕೋಟಿ, ಕಾಂಗ್ರೆಸ್ 1,421 ಕೋಟಿ ರೂಪಾಯಿಯ ಬಾಂಡ್‌ಗಳನ್ನು ನಗದೀಕರಿಸಿಕೊಂಡದ್ದು ಕಂಡಿತು. ಅತಿ ಹೆಚ್ಚು ಬಾಂಡ್ ಕೊಂಡದ್ದು ಒಂದು ಲಾಟರಿ ಕಂಪನಿ. ಭಾರತದ ಮತದಾರ ಮತಗಟ್ಟೆಗೆ ಹೋಗುವ ಮುನ್ನ ಯಾರು ಯಾರಿಗೆ ಎಷ್ಟು ಕೊಟ್ಟರೆಂದು ಇಷ್ಟು ವಿವರವಾಗಿ ತಿಳಿದದ್ದು ಬಹುಶಃ ಅದೊಂದೇ ಸಲ.

ಆ ಗೆಲುವಿನ ಸಂಭ್ರಮದಲ್ಲಿ ನಾವು ಮರೆತದ್ದು, ತೀರ್ಪು ನಮ್ಮನ್ನು 2017ಕ್ಕೆ ಮುಂಚಿನ ಸ್ಥಿತಿಗೆ ಮರಳಿಸಿತೇ ಹೊರತು ಅದಕ್ಕಿಂತ ಮುಂದಕ್ಕೆ ಒಯ್ಯಲಿಲ್ಲ ಎಂಬುದನ್ನು. ದೊಡ್ಡ ಕಂಪನಿಗಳ ಹಣ ಈಗ ಮತ್ತೆ 2013ರ ಚುನಾವಣಾ ಟ್ರಸ್ಟ್‌ಗಳ ದಾರಿ ಹಿಡಿದಿದೆ. ಟ್ರಸ್ಟ್ ಒಂದು ವರ್ಷದಲ್ಲಿ ಪಡೆದ ದೇಣಿಗೆಯ ಶೇ 95ರಷ್ಟನ್ನು ಅದೇ ವರ್ಷ ಪಕ್ಷಗಳಿಗೆ ಹಂಚಬೇಕು. ಕೊಟ್ಟವರ ಪಟ್ಟಿಯೂ ಪಡೆದವರ ಪಟ್ಟಿಯೂ ಬಹಿರಂಗವಾಗುತ್ತವೆ. ಬಾಂಡ್‌ಗಿಂತ ಇದು ಎಷ್ಟೋ ವಾಸಿ. ಆದರೆ ಹತ್ತು ಕಂಪನಿಗಳ ಹಣ ಒಂದೇ ಹುಂಡಿಗೆ ಬಿದ್ದು ಐದು ಪಕ್ಷಗಳಿಗೆ ಹೋದರೆ ಯಾರ ಹಣ ಯಾರಿಗೆ ಸಂದಿತೆಂದು ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟರೂ ಗೊತ್ತಾಗುವುದಿಲ್ಲ. ಇನ್ನು ಪ್ರಜಾಪ್ರತಿನಿಧಿ ಕಾಯ್ದೆಯ 29ಸಿ ಸೆಕ್ಷನ್ ಪ್ರಕಾರ 20,000 ರೂಪಾಯಿಗಿಂತ ಹೆಚ್ಚಿನ ದೇಣಿಗೆಗಷ್ಟೇ ಹೆಸರು ಕೊಡಬೇಕು. ನಗದಿನಲ್ಲಿ ಒಬ್ಬರಿಂದ 2,000 ರೂಪಾಯಿ ಮಾತ್ರ ಪಡೆಯಬಹುದಾದರೂ ಅಂಥ ಎಷ್ಟು ಅನಾಮಿಕರಿಂದ ಪಡೆಯಬಹುದೆಂಬುದಕ್ಕೆ ಲೆಕ್ಕವಿಲ್ಲ. ಒಂದು ಕಂತೆಯನ್ನು ನೂರು ಚೀಟಿಗಳಾಗಿ ಹರಿಯುವುದು ಯಾವ ಪಕ್ಷದ ಖಜಾಂಚಿಗೂ ಕಷ್ಟದ ಕೆಲಸವಲ್ಲ.

ಇದಕ್ಕಿಂತ ಕಡಿಮೆ ಚರ್ಚೆಯಾಗಿರುವ ದೋಷ ಕಾಲದ್ದು. ದೇಣಿಗೆಯ ವರದಿ ಆರ್ಥಿಕ ವರ್ಷ ಮುಗಿದ ಮೇಲೆ, ಆದಾಯ ತೆರಿಗೆ ವಿವರ ಸಲ್ಲಿಸುವ ಗಡುವಿನೊಳಗೆ ಬರಬೇಕು. 2024ರ ಏಪ್ರಿಲ್, ಮೇ ತಿಂಗಳಲ್ಲಿ, ಅಂದರೆ ಮತದಾನದ ನಡುವೆಯೇ ಬಂದ ದೇಣಿಗೆ 2024-25ರ ಲೆಕ್ಕಕ್ಕೆ ಸೇರುತ್ತದೆ. ಮತ ಹಾಕಿದವನಿಗೆ ಅದರ ವಿವರ ಸಿಗುವ ಹೊತ್ತಿಗೆ ಆಯ್ಕೆಯಾದ ಸರ್ಕಾರಕ್ಕೆ ಒಂದು ವರ್ಷ ದಾಟಿರುತ್ತದೆ. ಬ್ಯಾಂಕ್ ಖಾತೆಗೆ ಹಣ ಬಂದ ಕ್ಷಣವೇ ಮೊಬೈಲಿಗೆ ಸಂದೇಶ ಬರುವ ಕಾಲದಲ್ಲಿ, ಚುನಾವಣೆ ಘೋಷಣೆಯಾದ ಮೇಲೆ ಪಡೆದ ದೊಡ್ಡ ದೇಣಿಗೆಯನ್ನು ವಾರದೊಳಗೆ ಪ್ರಕಟಿಸಲು ತಾಂತ್ರಿಕ ಅಡ್ಡಿ ಏನೂ ಇಲ್ಲ. ನನ್ನನ್ನು ಕೇಳಿದರೆ, ಆದಾಯದ ಕಡೆಯ ಸುಧಾರಣೆಗಳಲ್ಲಿ ಅತ್ಯಂತ ಅಗ್ಗದ, ಅತ್ಯಂತ ಪರಿಣಾಮಕಾರಿಯಾದ ಸುಧಾರಣೆ ಇದೇ.

ಚುನಾವಣೆಗೆ ಸರ್ಕಾರವೇ ಹಣ ಕೊಡಲಿ ಎಂಬ ಸಲಹೆ ಹಳೆಯದು. ಇಂದ್ರಜಿತ್ ಗುಪ್ತಾ ಸಮಿತಿ 1998ರಲ್ಲಿ ಮಾನ್ಯತೆ ಪಡೆದ ಪಕ್ಷಗಳಿಗೆ ನಗದಿನ ಬದಲು ವಸ್ತುರೂಪದ ನೆರವು ಕೊಡಬೇಕೆಂದು ಹೇಳಿತ್ತು. ಪರೋಕ್ಷ ನೆರವು ಈಗಲೂ ಇದೆ: ಪಕ್ಷಗಳ ಆದಾಯಕ್ಕೆ ತೆರಿಗೆ ವಿನಾಯಿತಿ, ಆಕಾಶವಾಣಿ ಮತ್ತು ದೂರದರ್ಶನದಲ್ಲಿ ಉಚಿತ ಸಮಯ, ಉಚಿತ ಮತದಾರರ ಪಟ್ಟಿ. ಖಾಸಗಿ ಹಣಕ್ಕೆ ತಡೆಯೇ ಇಲ್ಲದಾಗ ಸರ್ಕಾರಿ ಹಣವನ್ನೂ ಸೇರಿಸಿದರೆ ಪಾತ್ರೆಗೆ ಇನ್ನೊಂದು ನಲ್ಲಿ ಜೋಡಿಸಿದಂತಾಗುತ್ತದೆ, ಅಷ್ಟೆ. ಮೊದಲು ಖರ್ಚಿಗೆ ಮಿತಿ, ಆಮೇಲೆ ನೆರವು ಎಂಬುದೇ ಸರಿಯಾದ ಕ್ರಮ.

'ಒಂದು ರಾಷ್ಟ್ರ, ಒಂದು ಚುನಾವಣೆ' ವೆಚ್ಚವನ್ನು ತಗ್ಗಿಸುತ್ತದೆ ಎಂಬ ವಾದವನ್ನೂ ಇಲ್ಲೇ ನೋಡಬಹುದು. ರಾಮನಾಥ ಕೋವಿಂದ್ ಸಮಿತಿಯ ವರದಿ 2024ರ ಮಾರ್ಚ್‌ನಲ್ಲಿ ಬಂತು. ಅದೇ ಡಿಸೆಂಬರ್‌ನಲ್ಲಿ ಸಂವಿಧಾನದ 129ನೇ ತಿದ್ದುಪಡಿ ಮಸೂದೆ ಲೋಕಸಭೆಯಲ್ಲಿ ಮಂಡನೆಯಾಗಿ ಜಂಟಿ ಸಮಿತಿಗೆ ಹೋಯಿತು. ಒಕ್ಕೂಟ ವ್ಯವಸ್ಥೆಯ ದೃಷ್ಟಿಯಿಂದ ಅದರ ಸಾಧಕ ಬಾಧಕಗಳು ಬೇರೆಯೇ ಚರ್ಚೆ. ಹಣದ ಮಟ್ಟಿಗೆ ಹೇಳುವುದಾದರೆ, ಒಟ್ಟಿಗೆ ನಡೆಸುವುದರಿಂದ ಮತಗಟ್ಟೆ, ಸಿಬ್ಬಂದಿ, ಭದ್ರತೆಗೆ ಸರ್ಕಾರ ಮಾಡುವ ಖರ್ಚು ಉಳಿಯಬಹುದು. ಪಕ್ಷಗಳ ಖರ್ಚಿಗೆ ಮಿತಿಯೇ ಇಲ್ಲದಿರುವಾಗ ಎರಡು ಚುನಾವಣೆಗೆ ಕೂಡಿಟ್ಟದ್ದನ್ನು ಒಂದೇ ಚುನಾವಣೆಯಲ್ಲಿ ಸುರಿಯುವುದನ್ನು ಯಾವುದು ತಡೆಯುತ್ತದೆ? ಅವಧಿಗೆ ಮುನ್ನ ಬಿದ್ದ ಸದನಕ್ಕೆ ಉಳಿದ ಅವಧಿಗಷ್ಟೇ ಚುನಾವಣೆ ನಡೆಸಬೇಕೆಂಬ ಪ್ರಸ್ತಾಪವೂ ಮಸೂದೆಯಲ್ಲಿದೆ; ಎರಡು ವರ್ಷದ ಅಧಿಕಾರಕ್ಕೂ ಐದು ವರ್ಷದ ಅಧಿಕಾರಕ್ಕೆ ಬೇಕಾದಷ್ಟೇ ಬಂಡವಾಳ ಹೂಡಬೇಕಾಗುತ್ತದೆ.

ಹಾಗಾದರೆ ಪಕ್ಷಕ್ಕೆ ಮಿತಿ ಹಾಕುವುದು ಸಾಧ್ಯವೇ? ಬ್ರಿಟನ್ 2000ದಲ್ಲಿ ಹಾಗೆ ಮಾಡಿತು. ಅಲ್ಲಿ ಸಾರ್ವತ್ರಿಕ ಚುನಾವಣೆಗೆ ಮುಂಚಿನ 365 ದಿನಗಳ ಪ್ರಚಾರ ವೆಚ್ಚ ಪಕ್ಷದ ಲೆಕ್ಕಕ್ಕೆ ಬರುತ್ತದೆ. ಸ್ಪರ್ಧಿಸುವ ಕ್ಷೇತ್ರವೊಂದಕ್ಕೆ 30,000 ಪೌಂಡ್ ಇದ್ದ ಮಿತಿಯನ್ನು 2023ರಲ್ಲಿ 54,010 ಪೌಂಡಿಗೆ ಏರಿಸಲಾಯಿತು. ಪಕ್ಷದ ಹೊರಗಿದ್ದು ಪ್ರಚಾರ ಮಾಡುವ ಸಂಸ್ಥೆಗಳಿಗೂ ಪ್ರತ್ಯೇಕ ಮಿತಿಯಿದೆ. ಅಮೆರಿಕದ ಸುಪ್ರೀಂ ಕೋರ್ಟ್ 1976ರಲ್ಲಿ ವೆಚ್ಚದ ಮಿತಿ ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ತೀರ್ಮಾನಿಸಿ ಬೇರೆಯೇ ದಾರಿ ಹಿಡಿಯಿತು. ನಮ್ಮ ನ್ಯಾಯಾಲಯ ಅದಕ್ಕೂ ಎರಡು ವರ್ಷ ಮೊದಲೇ ಮಿತಿಯ ಪರವಾಗಿ ನಿಂತಿತ್ತೆಂಬುದನ್ನು ನೆನಪಿಟ್ಟುಕೊಳ್ಳಬೇಕು.

ನಮ್ಮ ಚುನಾವಣಾ ಆಯೋಗವೂ ಒಂದು ಸೂತ್ರ ಸೂಚಿಸಿದೆ: ಅಭ್ಯರ್ಥಿಯ ಮಿತಿಯ ಅರ್ಧದಷ್ಟನ್ನು ಪಕ್ಷ ನಿಲ್ಲಿಸಿದ ಅಭ್ಯರ್ಥಿಗಳ ಸಂಖ್ಯೆಯಿಂದ ಗುಣಿಸಿದರೆ ಬರುವ ಮೊತ್ತವೇ ಪಕ್ಷದ ಮಿತಿ. ಈ ಲೆಕ್ಕದಲ್ಲಿ ಕರ್ನಾಟಕದ 224 ಕ್ಷೇತ್ರಗಳಲ್ಲೂ ಸ್ಪರ್ಧಿಸುವ ಪಕ್ಷಕ್ಕೆ ಸಿಗುವುದು ಸುಮಾರು 45 ಕೋಟಿ. ಲೋಕಸಭೆಯ 400 ಕ್ಷೇತ್ರಗಳಲ್ಲಿ ಸ್ಪರ್ಧಿಸಿದರೆ 190 ಕೋಟಿ. ತತ್ತ್ವವಾಗಿ ನಾನಿದನ್ನು ಒಪ್ಪುತ್ತೇನೆ, ಮೊತ್ತವನ್ನು ಒಪ್ಪುವುದಿಲ್ಲ. ಎರಡು ದೊಡ್ಡ ಪಕ್ಷಗಳು 2019ರಲ್ಲೇ ಇದರ ನಾಲ್ಕು ಪಟ್ಟು, ಆರು ಪಟ್ಟು ಖರ್ಚನ್ನು ತಾವಾಗಿಯೇ ಘೋಷಿಸಿರುವಾಗ, ಇಷ್ಟು ಕೆಳಗಿನ ಮಿತಿ ಹಾಕಿದರೆ ಇಂದು ಘೋಷಣೆಯಾಗುತ್ತಿರುವ ಹಣವೂ ಕತ್ತಲೆಗೆ ಸರಿಯುತ್ತದೆ. ಅಭ್ಯರ್ಥಿಯ ಮಿತಿಯಲ್ಲಿ ಕಂಡ ಸುಳ್ಳನ್ನೇ ಪಕ್ಷದ ಮಟ್ಟದಲ್ಲಿ ಮತ್ತೆ ಬಿತ್ತಿದಂತಾಗುತ್ತದೆ. ಬದಲಿಗೆ ಪಕ್ಷಗಳು ಈಗ ಘೋಷಿಸುತ್ತಿರುವ ಮೊತ್ತಕ್ಕೆ ಹತ್ತಿರದ ಮಿತಿಯಿಂದ ಆರಂಭಿಸಿ, ಲೆಕ್ಕವನ್ನು ಆಯೋಗ ನೇಮಿಸಿದ ಲೆಕ್ಕಪರಿಶೋಧಕರಿಂದ ತಪಾಸಣೆ ಮಾಡಿಸಿ, ಅದು ನೆಲೆಗೊಂಡ ಮೇಲೆ ಮಿತಿಯನ್ನು ತಗ್ಗಿಸುತ್ತ ಹೋಗುವುದು ಹೆಚ್ಚು ಕಾರ್ಯಸಾಧ್ಯ. ಅಭ್ಯರ್ಥಿಯ ಮಿತಿಯನ್ನು ಇದೇ ವೇಳೆ ವಾಸ್ತವಕ್ಕೆ ಹತ್ತಿರವಾಗುವಂತೆ ಏರಿಸಬೇಕು. ಮಿತಿ ಏರಿಸಿದರೆ ಬಡ ಅಭ್ಯರ್ಥಿಗೆ ತೊಂದರೆಯೆಂಬ ಆಕ್ಷೇಪ ನ್ಯಾಯವಾದದ್ದೇ, ಆದರೆ ಈಗಿನ ಸುಳ್ಳು ಮಿತಿ ಅವನನ್ನು ರಕ್ಷಿಸುತ್ತಿದೆಯೆಂದು ಯಾರೂ ಹೇಳಲಾರರು.

ಪಕ್ಷದ ಖರ್ಚಿಗೆ ಮಿತಿ ಹಾಕಿದ ಕೂಡಲೇ ಆಳುವ ಪಕ್ಷಕ್ಕೆ ಮಾತ್ರ ತೆರೆದಿರುವ ಇನ್ನೊಂದು ಬಾಗಿಲು ಕಾಣುತ್ತದೆ: ಸರ್ಕಾರಿ ಜಾಹೀರಾತು. ಮಾದರಿ ನೀತಿ ಸಂಹಿತೆ ಜಾರಿಯಾಗುವ ಹಿಂದಿನ ದಿನದವರೆಗೂ ಪತ್ರಿಕೆಗಳ ಪುಟ ತುಂಬುವ ಸಾಧನೆಯ ಜಾಹೀರಾತುಗಳಿಗೆ ತೆರಿಗೆದಾರನ ಹಣ ಹೋಗುತ್ತದೆ, ಲಾಭ ಪಕ್ಷಕ್ಕೆ ಸೇರುತ್ತದೆ. ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಯಾವ ಪಕ್ಷದ ಸರ್ಕಾರವೂ ಇದರಿಂದ ಹೊರತಲ್ಲ. ಸದನದ ಅವಧಿ ಮುಗಿಯುವ ಆರು ತಿಂಗಳ ಮೊದಲೇ ಇಂಥ ಜಾಹೀರಾತು ನಿಲ್ಲದಿದ್ದರೆ ಪಕ್ಷದ ಮಿತಿ ವಿರೋಧ ಪಕ್ಷಗಳನ್ನು ಮಾತ್ರ ಕಟ್ಟಿಹಾಕುವ ಹಗ್ಗವಾಗುತ್ತದೆ.

ಇದನ್ನೆಲ್ಲ ಜಾರಿಮಾಡುವ ಆಯೋಗದ ಬಗ್ಗೆ ಎಲ್ಲ ಪಕ್ಷಗಳಿಗೂ ನಂಬಿಕೆ ಇರಬೇಕಾಗುತ್ತದೆ. ಆಯುಕ್ತರ ಆಯ್ಕೆ ಸಮಿತಿಯಲ್ಲಿ ಮುಖ್ಯ ನ್ಯಾಯಮೂರ್ತಿಯೂ ಇರಬೇಕೆಂದು 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಸಂಸತ್ತು ಕಾನೂನು ಮಾಡುವವರೆಗಿನ ವ್ಯವಸ್ಥೆಯಾಗಿ, ಹೇಳಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದ ಕಾನೂನು ಅವರ ಜಾಗದಲ್ಲಿ ಪ್ರಧಾನಿ ಸೂಚಿಸುವ ಕೇಂದ್ರ ಸಚಿವರನ್ನು ಕೂರಿಸಿತು. ಮೂವರ ಸಮಿತಿಯಲ್ಲಿ ಇಬ್ಬರು ಸರ್ಕಾರದವರೇ ಆದಾಗ, ಆಳುವ ಪಕ್ಷದ ಲೆಕ್ಕವನ್ನು ತಿರಸ್ಕರಿಸುವ ಆಯುಕ್ತರನ್ನು ಅದು ಹುಡುಕಿ ನೇಮಿಸುತ್ತದೆಂದು ನಿರೀಕ್ಷಿಸುವುದು ಕಷ್ಟ.

ಖರ್ಚಿನ ಲೆಕ್ಕ ಮತ್ತೆ ಅಧಿಸೂಚನೆಯ ದಿನದಿಂದಲೇ ಆರಂಭವಾಗಬೇಕು, ಸಣ್ಣ ದೇಣಿಗೆಗಳ ಒಟ್ಟು ಮೊತ್ತ 20 ಕೋಟಿ ಅಥವಾ ಪಕ್ಷದ ಒಟ್ಟು ದೇಣಿಗೆಯ ಶೇ 20, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ದಾಟಿದರೆ ಕೊಟ್ಟವರ ಹೆಸರು ಬಹಿರಂಗವಾಗಬೇಕು ಎಂದು ಕಾನೂನು ಆಯೋಗ ತನ್ನ 255ನೇ ವರದಿಯಲ್ಲಿ ಶಿಫಾರಸು ಮಾಡಿತ್ತು. ಇವೆರಡಕ್ಕೂ ಸಂವಿಧಾನದ ತಿದ್ದುಪಡಿ ಬೇಕಿಲ್ಲ, ಸಾಮಾನ್ಯ ಬಹುಮತದ ಒಂದು ಮಸೂದೆ ಸಾಕು. 1974ರಲ್ಲಿ ಪಕ್ಷಗಳಿಗೆ ಅನನುಕೂಲವಾದ ತೀರ್ಪನ್ನು ಅಳಿಸಲು ಒಂದು ತಿಂಗಳೂ ಬೇಕಾಗಿರಲಿಲ್ಲ. ಈ ವರದಿ ಸರ್ಕಾರದ ಕೈಸೇರಿದ್ದು 2015ರ ಮಾರ್ಚ್‌ನಲ್ಲಿ.